ಅಪ್ಪನ ದನಿ ಬೇಕಿದ್ದರೆ ಯಾರನ್ನು ಕೇಳಬೇಕು?

ಹಬ್ಬಕ್ಕೆ ತುಮಕೂರಿನ ಮಾವನ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿದು ಎಲ್ಲರೂ ನಡುಮನೆಯಲ್ಲಿ ಚಾಪೆ ಮೇಲೆ ಉರುಳಿಕೊಂಡಿದ್ದೆವು. ಅಕ್ಕನ ಮಗ ಫೋನಿನಲ್ಲಿ ಒಂದು ಹಾಡು ಹಾಕಿದ. ಈಚಿನ ಕನ್ನಡ ಚಿತ್ರದ್ದು. ದನಿ ಮಾತ್ರ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರದು. ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಇದನ್ನ ಯಾವಾಗ ಹಾಡಿದ್ರೋ?"

"ಅವ್ರು ಹಾಡಿಲ್ಲ ತಾತ, ಎಐ ಹಾಡಿರೋದು."

ಮಾವ ಎದ್ದು ಕೂತರು. ಮತ್ತೊಂದು ಸಲ ಹಾಕಿಸಿ ಪೂರ್ತಿ ಕೇಳಿದರು. "ದನಿ ಏನೋ ಅವರದೇ. ಆದ್ರೆ ನಗೋ ಜಾಗದಲ್ಲಿ ನಕ್ಕಿಲ್ಲ ನೋಡು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅವರ ಮಗನ್ನ ಒಂದು ಮಾತು ಕೇಳಿದ್ರಂತಾ?"

ಮಾವನಿಗೆ ಕಾಪಿರೈಟ್ ಕಾನೂನು ಗೊತ್ತಿಲ್ಲ. ಆದರೆ ಈಗ ಸಂಗೀತದ ಲೋಕದಲ್ಲಿ, ಕೋರ್ಟುಗಳಲ್ಲಿ ಓಡಾಡುತ್ತಿರುವ ಪ್ರಶ್ನೆ ಇದೇ. ಎಸ್‌ಪಿಬಿ ತೀರಿಕೊಂಡದ್ದು 2020ರ ಸೆಪ್ಟೆಂಬರ್ 25ರಂದು. ಅವರು ಹಾಡದೇ ಇದ್ದ ಹಾಡುಗಳು ಅವರ ದನಿಯಲ್ಲಿ ಬರುತ್ತಲೇ ಇವೆ. ಹಾಗಾದರೆ ಆ ದನಿ ಬಳಸುವ ಮೊದಲು ಯಾರನ್ನು ಕೇಳಬೇಕು? ಮಗನನ್ನು, ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ಕಾನೂನು ಅಷ್ಟು ಸಲೀಸಾಗಿ ಹೇಳುವುದಿಲ್ಲ. ಮಗ ಎಸ್‌.ಪಿ. ಚರಣ್ ಕೆಲವು ವರ್ಷಗಳಿಂದ ಮಾಡುತ್ತಿರುವ ಕೆಲಸ ನೋಡಿದರೆ, ಅಪ್ಪನಿಂದ ಅವರಿಗೆ ಬಂದದ್ದು ಹಾಡುಗಳಿಗಿಂತ ಜಾಸ್ತಿ ಈ "ನಮ್ಮನ್ನು ಕೇಳಿ" ಅನ್ನುವ ಜವಾಬ್ದಾರಿ ಅನ್ನಿಸುತ್ತದೆ.

ಚರಣ್ ಕನ್ನಡಿಗರಿಗೆ ಅಷ್ಟಾಗಿ ಪರಿಚಯ ಅಂತ ಹೇಳಲಾರೆ. ‘ಹುಡುಗಿಗಾಗಿ’ ಅನ್ನುವ ಕನ್ನಡ ಚಿತ್ರದಲ್ಲಿ ಅವರು ನಾಯಕನಾಗಿದ್ದರು ಅಂದರೆ ಹುಬ್ಬೇರಿಸುವವರೇ ಹೆಚ್ಚು. ತೆಲುಗು, ತಮಿಳು, ಕನ್ನಡದಲ್ಲಿ ಹಾಡಿದ್ದಾರೆ. 2000ದಲ್ಲಿ ಬಂದ ಮಣಿರತ್ನಂ ಅವರ ‘ಅಲೈಪಾಯುದೇ’ಯಲ್ಲಿ ಎ.ಆರ್. ರೆಹಮಾನ್ ಸಂಗೀತಕ್ಕೆ ಹಾಡಿದರು. 2022ರ ತೆಲುಗು ಚಿತ್ರ ‘ಸೀತಾ ರಾಮಂ’ನಲ್ಲಿ ಹಾಡಿದಾಗ ಹೊಸ ತಲೆಮಾರಿನವರೂ ತಿರುಗಿ ನೋಡಿದರು. ಅದರ ‘ಇಂತಂದಂ’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸಾಲು ಶುರುವಾಗುವಾಗ, ದನಿ ಇನ್ನೂ ಕೆಳಗಿದ್ದಾಗ, ಅರೆ ಕ್ಷಣ ಅಪ್ಪನೇ ಬಂದರಾ ಅನ್ನಿಸುತ್ತದೆ. ಮೇಲಕ್ಕೆ ಹೋದ ಹಾಗೆ ಬೇರೆಯವರು ಅಂತ ಗೊತ್ತಾಗುತ್ತದೆ. ಅಪ್ಪನ ಹಾಗೆ ಅಕ್ಷರವನ್ನು ಹಿಡಿದು ಮುದ್ದಾಡುವ ಅಭ್ಯಾಸ ಇವರಿಗಿಲ್ಲ, ನೇರವಾಗಿ ಹಾಡಿಬಿಡುತ್ತಾರೆ. ನನಗೆ ಅದು ಇಷ್ಟ. ನಕಲು ಮಾಡಿದ್ದರೆ ಎರಡನೇ ಚರಣದ ಹೊತ್ತಿಗೆ ಬೇಜಾರಾಗುತ್ತಿತ್ತು.

ನಿರ್ಮಾಪಕರಾಗಿ ಅವರ ಹೆಸರು ಇನ್ನೂ ಗಟ್ಟಿ. 2007ರ ‘ಚೆನ್ನೈ 600028’ ಅವರ ನಿರ್ಮಾಣ. ಆ ಚಿತ್ರದ ಒಳಗಿನ ನಂಟು ತಮಾಷೆಯಾಗಿದೆ. ನಿರ್ದೇಶಕ ವೆಂಕಟ್ ಪ್ರಭು ಇಳಯರಾಜಾ ಅವರ ತಮ್ಮ ಗಂಗೈ ಅಮರನ್ ಅವರ ಮಗ. ಸಂಗೀತ ಯುವನ್ ಶಂಕರ್ ರಾಜಾ, ಇಳಯರಾಜಾ ಅವರ ಮಗ. ದುಡ್ಡು ಹಾಕಿದ್ದು ಎಸ್‌ಪಿಬಿ ಮಗ. ಅಪ್ಪಂದಿರು ಬಡತನದ ದಿನಗಳಲ್ಲಿ ಒಟ್ಟಿಗೆ ಊರೂರು ತಿರುಗಿ ಕಾರ್ಯಕ್ರಮ ಕೊಟ್ಟವರು. ಮಕ್ಕಳು ಒಟ್ಟಿಗೆ ಸೇರಿ ಗಲ್ಲಿ ಕ್ರಿಕೆಟ್ಟಿನ ಮೇಲೆ ಸಿನಿಮಾ ಮಾಡಿದರು. ಆಮೇಲೆ ಬಂದ ‘ಆರಣ್ಯ ಕಾಂಡಂ’ ಕೂಡ ಚರಣ್ ನಿರ್ಮಾಣದ್ದೇ. ಅದಕ್ಕೆ ಹೊಸ ನಿರ್ದೇಶಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಅಂದರೆ "ಎಸ್‌ಪಿಬಿ ಮಗ" ಅನ್ನುವ ಚೀಟಿ ಅಂಟಿಸಿಕೊಂಡೇ ಬದುಕಬೇಕಾದ ಅನಿವಾರ್ಯ ಅವರಿಗಿರಲಿಲ್ಲ.

ಅಪ್ಪನ ಕಥೆಯನ್ನೂ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಎಸ್‌ಪಿಬಿ ಅವರೇ ಒಬ್ಬ ಕಲಾವಿದನ ಮಗ. ತಂದೆ ಸಾಂಬಮೂರ್ತಿ ನೆಲ್ಲೂರಿನಲ್ಲಿ ಹೆಸರಾದ ಹರಿಕಥೆ ದಾಸರು. ಮಗ ಹರಿಕಥೆ ಹಿಡಿಯಲಿಲ್ಲ. ಎಂಜಿನಿಯರಿಂಗ್ ಓದಲು ಹೋಗಿ ಸಿನಿಮಾ ಹಾಡಿಗೆ ಬಿದ್ದರು. 1966ರ ಡಿಸೆಂಬರಿನಲ್ಲಿ ಮೊದಲ ಅವಕಾಶ ಕೊಟ್ಟವರು ಸಂಗೀತ ನಿರ್ದೇಶಕ ಎಸ್‌.ಪಿ. ಕೋದಂಡಪಾಣಿ. ಎಸ್‌ಪಿಬಿ ಮುಂದೆ ಚೆನ್ನೈನಲ್ಲಿ ಸ್ವಂತ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದಾಗ ಅದಕ್ಕೆ ಇಟ್ಟದ್ದು ಕೋದಂಡಪಾಣಿ ಅವರ ಹೆಸರನ್ನೇ. ನೆಲ್ಲೂರಿನ ಪಿತ್ರಾರ್ಜಿತ ಮನೆಯನ್ನು 2020ರ ಫೆಬ್ರವರಿಯಲ್ಲಿ, ತೀರಿಕೊಳ್ಳುವ ಏಳು ತಿಂಗಳ ಮುಂಚೆ, ವೇದ ಪಾಠಶಾಲೆಗೆಂದು ಕಂಚಿ ಮಠಕ್ಕೆ ಬಿಟ್ಟುಕೊಟ್ಟರು. ಹೆಸರು, ಮನೆ, ಋಣ ಇವನ್ನೆಲ್ಲ ಹೇಗೆ ಮುಂದಕ್ಕೆ ಸಾಗಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ದನಿಯ ಬಗ್ಗೆ ಹೀಗೊಂದು ಪ್ರಶ್ನೆ ಏಳುತ್ತದೆ ಅಂತ ಆಗ ಯಾರಿಗೆ ಹೊಳೆದಿತ್ತು?

ನಮ್ಮ ಧಾರವಾಡದ ಕಡೆ ಹಿಂದೂಸ್ತಾನಿ ಮನೆತನಗಳಲ್ಲಿ ಈ ವಾರಸುದಾರಿಕೆ ಬೇರೆ ಥರ. ಮಲ್ಲಿಕಾರ್ಜುನ ಮನ್ಸೂರರ ಮಗ ರಾಜಶೇಖರ ಮನ್ಸೂರರು ಅಪ್ಪನ ಹಿಂದೆ ಕೂತು, ತಾಲೀಮು ಮಾಡಿ, ಜೈಪುರ ಘರಾಣೆ ಅನ್ನುವ ಗಾಯನ ಪರಂಪರೆಯ ಅಪರೂಪದ ರಾಗಗಳನ್ನು ಕಲಿತರು. ಅಲ್ಲಿ ದಾಟಿ ಬರುವುದು ವಿದ್ಯೆ. ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಬಂತು, ರಾಗದ ನಡೆ ಬಂತು, ಕಂಠ ಬರದಿದ್ದರೂ ಪರವಾಗಿಲ್ಲ. ಸಿನಿಮಾ ಹಾಡಿನಲ್ಲಿ ಘರಾಣೆ ಇಲ್ಲ. ಬೆಳಿಗ್ಗೆ ಸ್ಟುಡಿಯೋಗೆ ಹೋಗಿ, ಸಂಗೀತ ನಿರ್ದೇಶಕರು ಹೇಳಿಕೊಟ್ಟದ್ದನ್ನು ಹಾಡಿ, ಸಂಭಾವನೆ ತಗೊಂಡು ಮುಂದಿನ ಸ್ಟುಡಿಯೋಗೆ ಓಡುವ ಕೆಲಸ ಅದು. ಮಗನಿಗೆ ಕೂರಿಸಿ ಕಲಿಸುವಂಥದ್ದು ಅದರಲ್ಲಿ ಏನಿದೆ? ಉಳಿಯುವುದು ಕಂಠ ಮತ್ತು ಅದರ ನೆನಪು. ಯೇಸುದಾಸ್ ಅವರ ಮಗ ವಿಜಯ್, ಗಾಯಕಿ ಸುಜಾತಾ ಅವರ ಮಗಳು ಶ್ವೇತಾ ಮೋಹನ್ ಇವರೆಲ್ಲರೂ ನಾಲ್ಕೈದು ಭಾಷೆಗಳಲ್ಲಿ ಹಾಡುತ್ತಾ ಸ್ವಂತ ಜಾಗ ಮಾಡಿಕೊಂಡಿದ್ದಾರೆ. ಆದರೂ ಜನ ಮೊದಲು ಕೇಳುವುದು ದನಿ ಹೋಲುತ್ತಾ ಇಲ್ವಾ ಅಂತಲೇ.

ಚರಣ್ ಅವರ ಪಾಲಿಗೆ ಕಾವಲಿನ ಕೆಲಸ ಶುರುವಾದದ್ದು ಆಸ್ಪತ್ರೆಯಲ್ಲಿ. 2020ರ ಆಗಸ್ಟ್ 5ರಂದು ಕೋವಿಡ್ ಅಂತ ಎಸ್‌ಪಿಬಿ ಚೆನ್ನೈನ ಆಸ್ಪತ್ರೆಗೆ ಸೇರಿದರು. ಅಲ್ಲಿಂದ 51 ದಿನ. ನಮ್ಮ ಮನೆಯಲ್ಲಿ ಸಂಜೆಯಾದರೆ ಯಾರಾದರೂ ಒಬ್ಬರು "ಚರಣ್ ಏನಂದ್ರು?" ಅಂತ ಕೇಳುತ್ತಿದ್ದರು. ಅವರು ಫೋನಿಗೆ ಮುಖ ಕೊಟ್ಟು ಅಪ್ಪನ ಶ್ವಾಸಕೋಶ ಹೇಗಿದೆ, ಫಿಸಿಯೋಥೆರಪಿ ಎಷ್ಟು ಹೊತ್ತು ಅಂತ ತಣ್ಣಗೆ ಹೇಳುತ್ತಿದ್ದರು. ಕಣ್ಣು ಮಾತ್ರ ನಿದ್ದೆ ಇಲ್ಲದೆ ಊದಿರುತ್ತಿತ್ತು. ಇತ್ತ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ. ತೀರಿಕೊಂಡ ಮೇಲೂ ಬಿಡಲಿಲ್ಲ. ಆಸ್ಪತ್ರೆ ಬಿಲ್ ಕಟ್ಟಲಾಗದೆ ಕುಟುಂಬ ಪರದಾಡಿತು ಅನ್ನುವ ಗಾಳಿಸುದ್ದಿ ಹಬ್ಬಿತು. ಅಪ್ಪನನ್ನು ತಾಮರೈಪಾಕ್ಕಂನ ತೋಟದಲ್ಲಿ ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಮಗ ಪತ್ರಕರ್ತರ ಮುಂದೆ ಕೂತು ಅದೆಲ್ಲ ಸುಳ್ಳು ಅಂತ ಹೇಳಬೇಕಾಯಿತು. 2024ರಲ್ಲಿ ಎಸ್‌ಪಿಬಿ ಮನೆಯಿದ್ದ ನುಂಗಂಬಾಕ್ಕಂನ ಕಾಮದಾರ್ ನಗರದ ಮುಖ್ಯ ರಸ್ತೆಗೆ ಅವರ ಹೆಸರಿಡಿ ಅಂತ ಅರ್ಜಿ ಕೊಟ್ಟವರೂ ಚರಣ್. ನಾಲ್ಕನೇ ಪುಣ್ಯತಿಥಿಯ ದಿನ ತಮಿಳುನಾಡು ಸರ್ಕಾರ ಅದಕ್ಕೆ ಒಪ್ಪಿತು. ಇವೆಲ್ಲ ಯಾವ ಮಗನಾದರೂ ಮಾಡುವ ಕೆಲಸವೇ. ದನಿಯ ವಿಷಯ ಮಾತ್ರ ಬೇರೆ.

ಅದು ಅರ್ಥವಾಗಬೇಕಾದರೆ 2017ಕ್ಕೆ ಹೋಗಬೇಕು. ಎಸ್‌ಪಿಬಿ ಹಾಡಲು ಶುರು ಮಾಡಿ 50 ವರ್ಷ ತುಂಬಿದ ನೆಪದಲ್ಲಿ ಚರಣ್ ಒಂದು ವಿಶ್ವ ಪ್ರವಾಸ ಏರ್ಪಡಿಸಿದ್ದರು. ಅಪ್ಪ, ಮಗ, ಚಿತ್ರಾ ಎಲ್ಲ ಸೇರಿ ಅಮೆರಿಕದಲ್ಲಿದ್ದಾಗ ಮಾರ್ಚ್ ತಿಂಗಳಲ್ಲಿ ಇಳಯರಾಜಾ ಅವರ ಲಾಯರ್ ನೋಟಿಸ್ ಬಂತು. ನನ್ನ ರಾಗಗಳನ್ನು ಟಿಕೆಟ್ ಮಾರುವ ವೇದಿಕೆಯಲ್ಲಿ ಹಾಡಬೇಕಾದರೆ ನನ್ನ ಅನುಮತಿ ಬೇಕು, ಇದು ಅದರ ಸಾರ. ನೋಟಿಸ್ ಬಂದದ್ದು ಎಸ್‌ಪಿಬಿಗೆ, ಚಿತ್ರಾಗೆ, ಮತ್ತೆ ಚರಣ್‌ಗೂ. ಎಸ್‌ಪಿಬಿ ಫೇಸ್‌ಬುಕ್‌ನಲ್ಲಿ ಬರೆದರು: ಇಂಥ ಕಾನೂನು ಇದೆಯೆಂದು ತಮಗೆ ಗೊತ್ತಿರಲಿಲ್ಲ, ಇದ್ದರೆ ಪಾಲಿಸುತ್ತೇವೆ, ಇನ್ನು ಮುಂದೆ ಆ ಹಾಡುಗಳನ್ನು ಹಾಡುವುದಿಲ್ಲ. ಜಗಳ ಆಡಲಿಲ್ಲ. ಎರಡು ವರ್ಷ ಕಳೆದ ಮೇಲೆ, 2019ರ ಜೂನಿನಲ್ಲಿ, ಚೆನ್ನೈನಲ್ಲಿ ಇಳಯರಾಜಾ ಅವರ ವೇದಿಕೆಯಲ್ಲೇ ಮತ್ತೆ ಹಾಡಿದರು.

ಆಗ ನಮ್ಮಲ್ಲಿ ಎಷ್ಟೋ ಜನ ಇಳಯರಾಜಾ ಮೇಲೆ ಕೋಪ ಮಾಡಿಕೊಂಡೆವು. ಗೆಳೆಯನಿಗೇ ನೋಟಿಸಾ ಅಂತ. ಆದರೆ ಲೆಕ್ಕ ನೋಡಿ. 1981ರಲ್ಲಿ ಬಂದ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡನ್ನೇ ತಗೊಳ್ಳಿ. ಕರ್ನಾಟಕದಲ್ಲಿ ಆರ್ಕೆಸ್ಟ್ರಾ ಅಂದರೆ ಆ ಹಾಡು ಇರಲೇಬೇಕು. ರಾಗ ಇಳಯರಾಜಾ ಅವರದು, ಸಾಹಿತ್ಯ ಚಿ. ಉದಯಶಂಕರ್ ಅವರದು, ರೆಕಾರ್ಡಿನ ಹಕ್ಕು ಕಂಪನಿಯದು. ಹಾಡಿದ ಎಸ್‌ಪಿಬಿ ಮತ್ತು ಎಸ್‌. ಜಾನಕಿ ಅವರದು? ಆ ದಿನದ ಸಂಭಾವನೆ. ನಾವು "ಎಸ್‌ಪಿಬಿ ಹಾಡು" ಅಂತ ಕರೆಯುವ ಹಾಡುಗಳಲ್ಲಿ ಹೆಚ್ಚಿನದು ಕಾಗದದ ಮೇಲೆ ಎಸ್‌ಪಿಬಿ ಅವರದಲ್ಲ. ಮನೆಯ ಹೆಸರಿನ ಫಲಕ ಅವರದು, ಪಹಣಿ ಮಾತ್ರ ಬೇರೆಯವರದು, ಅನ್ನೋ ಥರ. ಅಪ್ಪನ ಹಾಡು ಅಪ್ಪನದ್ದೇ ಅಲ್ಲದಿದ್ದಾಗ ಮಗನಿಗೆ ಬರುವುದಾದರೂ ಏನು?

ಹಾಡುಗಾರರಿಗೆ ಒಂದು ಹಕ್ಕು ಇದೆ. ಅದು ನಮ್ಮ ಕಾಪಿರೈಟ್ ಕಾನೂನಿಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಎಸ್‌ಪಿಬಿ ಹಾಡಲು ಶುರು ಮಾಡಿ 28 ವರ್ಷ ಆಗಿತ್ತು. ಮೊದಲು 25 ವರ್ಷ ಅಂತಿದ್ದ ಅದರ ಅವಧಿ 1999ರಲ್ಲಿ 50 ವರ್ಷ ಆಯಿತು. 2012ರ ತಿದ್ದುಪಡಿ ಬಂದ ಮೇಲೆ ವಾಣಿಜ್ಯ ಬಳಕೆಗೆ ರಾಯಲ್ಟಿ ಕೇಳುವ ಅವಕಾಶವೂ, ಹಾಡಿದ್ದನ್ನು ಮಾನಹಾನಿಯಾಗುವಂತೆ ತಿರುಚಿದರೆ ತಡೆಯುವ ಅವಕಾಶವೂ ಸಿಕ್ಕವು. ಕೇಳಲು ಚೆನ್ನಾಗಿದೆ. ಆದರೆ ಒಂದು ಸಣ್ಣ ವ್ಯತ್ಯಾಸ ಇದೆ, ಇಲ್ಲೇ ಎಲ್ಲ ಸಿಕ್ಕಿಹಾಕಿಕೊಂಡಿರುವುದು. ಬರಹಗಾರರ ಕೃತಿಯನ್ನು ಯಾರಾದರೂ ಕೆಡಿಸಿದರೆ, ಅವರು ಸತ್ತ ಮೇಲೆ ಅವರ ವಾರಸುದಾರರು ದಾವೆ ಹಾಕಬಹುದು ಅಂತ ಸೆಕ್ಷನ್ 57 ಸ್ಪಷ್ಟವಾಗಿ ಹೇಳುತ್ತದೆ. ಹಾಡುಗಾರರ ಬಗ್ಗೆ ಹೇಳುವ ಸೆಕ್ಷನ್ 38ಬಿಯಲ್ಲಿ ವಾರಸುದಾರರ ಮಾತೇ ಇಲ್ಲ. ಕವಿಯ ಮಗ ಕೇಳಬಹುದು, ಗಾಯಕನ ಮಗ ಕೇಳಬಹುದೋ ಇಲ್ಲವೋ, ಕಾನೂನು ಸುಮ್ಮನಿದೆ.

ಅದೂ ಹೋಗಲಿ. ಈ ಹಕ್ಕುಗಳೆಲ್ಲ ಇರುವುದು ಹಾಡಿದ ಹಾಡಿಗೆ. ಮಾವನ ಮನೆಯಲ್ಲಿ ಕೇಳಿದ್ದು ಹಾಡದೇ ಇದ್ದ ಹಾಡು.

2024ರ ಜನವರಿಯಲ್ಲಿ ಚರಣ್ ಕಳಿಸಿದ ನೋಟಿಸ್ ಈ ಬಿರುಕಿಗೇ ಕೈ ಹಾಕಿತು. ಹಿಂದಿನ ವರ್ಷ ಬಂದಿದ್ದ ‘ಕೀಡಾ ಕೋಲಾ’ ಅನ್ನುವ ತೆಲುಗು ಚಿತ್ರದಲ್ಲಿ ಎಐ ಮೂಲಕ ಎಸ್‌ಪಿಬಿ ದನಿಯನ್ನು ಮರುಸೃಷ್ಟಿ ಮಾಡಿದ್ದಾರೆ, ಕುಟುಂಬವನ್ನು ಕೇಳಿಲ್ಲ ಅನ್ನುವುದು ಅವರ ದೂರು. ಕ್ಷಮೆ, ಪರಿಹಾರ, ರಾಯಲ್ಟಿಯಲ್ಲಿ ಪಾಲು ಕೇಳಿದರು. ತಂತ್ರಜ್ಞಾನವೇ ಬೇಡ ಅಂತ ಅವರು ಹೇಳಲಿಲ್ಲ, ಇದನ್ನು ಗಮನಿಸಬೇಕು. ಅಪ್ಪನ ದನಿ ಹೊಸ ರೀತಿಯಲ್ಲಿ ಬದುಕುವುದಕ್ಕೆ ತಮ್ಮ ತಕರಾರಿಲ್ಲ, ಹೇಳದೆ ಕೇಳದೆ ಮಾಡಿದ್ದಕ್ಕೆ ನೋವಾಗಿದೆ ಅಂದರು.

2017ರಲ್ಲಿ ಅಪ್ಪ ತನ್ನದೇ ಗಂಟಲಿನಿಂದ ಹಾಡಿದಾಗ ಕೇಳಬೇಕಿತ್ತು ಅಂತ ನೋಟಿಸ್ ಬಂತು, ಮಗನೂ ಅದರಲ್ಲಿ ಪಾಲುದಾರ. 2024ರಲ್ಲಿ ಯಂತ್ರ ಅಪ್ಪನ ಗಂಟಲಿನಿಂದ ಹಾಡಿದಾಗ ಕೇಳಬೇಕಿತ್ತು ಅಂತ ಮಗನೇ ನೋಟಿಸ್ ಕೊಟ್ಟರು. ಏಳು ವರ್ಷದಲ್ಲಿ ಕಾಗದದ ಎರಡೂ ತುದಿ ಹಿಡಿದವರು ಇವರು. ಮೊದಲ ನೋಟಿಸಿಗೆ ಕೋಪ ಮಾಡಿಕೊಂಡು ಎರಡನೆಯದಕ್ಕೆ ಚಪ್ಪಾಳೆ ತಟ್ಟಿದ ನಾವು ಸ್ವಲ್ಪ ಯೋಚಿಸಬೇಕಿತ್ತೇನೋ. ತತ್ವ ಎರಡರಲ್ಲೂ ಒಂದೇ ಅಲ್ವಾ?

ಅದೇ ತಿಂಗಳು ಇನ್ನೊಂದು ಕಡೆ ಬೇರೆ ಥರ ನಡೆಯಿತು. ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರಕ್ಕೆ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ತಂದರು, ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್. ಎರಡೂ ಕುಟುಂಬಗಳ ಒಪ್ಪಿಗೆ ಪಡೆದಿದ್ದೇವೆ, ತಕ್ಕ ಸಂಭಾವನೆ ಕೊಟ್ಟಿದ್ದೇವೆ ಅಂತ ಅವರು ಹೇಳಿದರು. ಆದರೆ ಅದು ಅವರ ಒಳ್ಳೆಯತನ. ಕೊಡಲೇಬೇಕು ಅಂತ ಯಾವ ನಿಯಮವೂ ಇರಲಿಲ್ಲ. ದೊಡ್ಡ ಮನುಷ್ಯರು ಮರ್ಯಾದೆಗೆ ಮಾಡಿದ್ದನ್ನು ಚಿಕ್ಕ ಬಜೆಟ್ಟಿನವರು, ಯೂಟ್ಯೂಬ್ ಚಾನೆಲ್ಲಿನವರು ಮಾಡುತ್ತಾರೆ ಅಂತ ನಂಬಿ ಕೂರುವುದಕ್ಕೆ ಆಗುತ್ತಾ?

ಈ ದನಿ ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ನೋಡೋಣ, ಯಾಕೆಂದರೆ ತುಂಬಾ ಜನ ತಪ್ಪು ತಿಳಿದಿದ್ದಾರೆ. ಸಾಮಾನ್ಯವಾಗಿ ಯಂತ್ರ ತಾನೇ ಹಾಡುವುದಿಲ್ಲ. ಮೊದಲು ಒಬ್ಬ ಮನುಷ್ಯ ಹಾಡುತ್ತಾನೆ. ಸಿನಿಮಾದವರು ಟ್ರ್ಯಾಕ್ ಹಾಡುವುದು ಅಂತಾರಲ್ಲ, ಹಾಗೆ. ಹಳೆಯ ಪದ್ಧತಿಯಲ್ಲಿ ಟ್ರ್ಯಾಕ್ ಗಾಯಕ ಹಾಡಿಟ್ಟದ್ದನ್ನು ಕೇಳಿಕೊಂಡು ದೊಡ್ಡ ಗಾಯಕರು ಬಂದು ಮತ್ತೆ ಹಾಡುತ್ತಿದ್ದರು. ಟ್ರ್ಯಾಕ್ ಅಳಿಸಿಹೋಗುತ್ತಿತ್ತು. ಈಗ ಟ್ರ್ಯಾಕ್ ಅಳಿಸುವುದಿಲ್ಲ, ಅದರ ಬಣ್ಣ ಬದಲಾಗುತ್ತದೆ ಅಷ್ಟೇ. ಗಾಯಕನ ನೂರಾರು ಹಳೆಯ ರೆಕಾರ್ಡುಗಳಿಂದ ವಾದ್ಯಗಳನ್ನು ಬೇರ್ಪಡಿಸಿ, ಬರಿ ದನಿಯನ್ನು ಯಂತ್ರಕ್ಕೆ ಕಲಿಸುತ್ತಾರೆ. ಆಮೇಲೆ ಬೇರೆಯವನು ಹಾಡಿದ ಟ್ರ್ಯಾಕಿಗೆ ಆ ದನಿಯ ಬಣ್ಣ ಬಳಿಯುತ್ತಾರೆ. ಎಲ್ಲಿ ಉಸಿರು ತಗೋಬೇಕು, ಎಲ್ಲಿ ಒತ್ತಬೇಕು, ‘ಳ’ ಹೇಗೆ ಉಚ್ಚರಿಸಬೇಕು, ಇವೆಲ್ಲ ಟ್ರ್ಯಾಕ್ ಹಾಡಿದವನದು. ಮಾವ ಹೇಳಿದ್ದು ಅದಕ್ಕೇ ಸರಿ. ನಗೋ ಜಾಗದಲ್ಲಿ ಟ್ರ್ಯಾಕ್ ಹಾಡಿದ ಹುಡುಗ ನಕ್ಕಿರಲಿಲ್ಲ. ಅವನಿಗೆ ಅಲ್ಲಿ ನಗಬೇಕು ಅನ್ನಿಸಿರಲಿಲ್ಲ.

ಹೀಗೆ ನೋಡಿದರೆ ಇಲ್ಲಿ ಅನ್ಯಾಯ ಆಗುತ್ತಿರುವುದು ಇಬ್ಬರಿಗೆ. ತೀರಿಹೋದವರ ದನಿಯನ್ನು ಕೇಳದೆ ತಗೊಂಡರು, ಬದುಕಿರುವವನ ಹಾಡಿಕೆಯನ್ನು ಹೆಸರಿಲ್ಲದೆ ತಗೊಂಡರು. ಎರಡನೆಯವನ ಪರವಾಗಿ ನೋಟಿಸ್ ಕೊಡಲು ಯಾವ ಮಗನೂ ಇಲ್ಲ.

ಎಸ್‌ಪಿಬಿ ದನಿ ಇಂಥ ಕೆಲಸಕ್ಕೆ ಸುಲಭವಾಗಿ ಸಿಗಲು ಅವರ ಬಹುಭಾಷೆಯೂ ಒಂದು ಕಾರಣ. ಅವರು 40 ಸಾವಿರ ಹಾಡು ಹಾಡಿದ್ದಾರೆ ಅಂತ ಎಲ್ಲರೂ ಬರೆಯುತ್ತಾರೆ. ಒಂದು ಸಲ ಕೂತು ಲೆಕ್ಕ ಹಾಕಿದೆ. 54 ವರ್ಷ, ಒಂದು ದಿನವೂ ರಜೆ ಇಲ್ಲದೆ, ದಿನಕ್ಕೆ ಎರಡು ಹಾಡು ಹಾಡಿದರೆ ಅಷ್ಟಾಗುತ್ತದೆ. ಆ ಸಂಖ್ಯೆ ಹಾಗಿರಲಿ. ತೆಲುಗು, ತಮಿಳು, ಕನ್ನಡ, ಹಿಂದಿ ನಾಲ್ಕೂ ಭಾಷೆಯ ಹಾಡುಗಳಿಗೆ ರಾಷ್ಟ್ರಪ್ರಶಸ್ತಿ ಪಡೆದವರು ಅವರು, ಒಟ್ಟು ಆರು. ಕನ್ನಡದ್ದು 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ, ಹಂಸಲೇಖ ಅವರ ಸಂಗೀತದಲ್ಲಿ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತಿಲ್ಲ ಅಂತ ತಾವೇ ಹೇಳಿಕೊಳ್ಳುತ್ತಿದ್ದ ಮನುಷ್ಯ ಗವಾಯಿಗಳ ಕಥೆಗೆ ಹಿಂದೂಸ್ತಾನಿ ಬಂದಿಶ್ ಹಾಡಿ ಕನ್ನಡ ಚಿತ್ರಕ್ಕೆ ಪ್ರಶಸ್ತಿ ತಂದರು. ಇಷ್ಟು ಭಾಷೆ, ಇಷ್ಟು ಭಾವ, ಇಷ್ಟು ಸ್ಪಷ್ಟ ರೆಕಾರ್ಡಿಂಗ್. ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಪಾಠದ ಪುಸ್ತಕ ಎಲ್ಲಿ ಸಿಗುತ್ತದೆ?

ಕೋರ್ಟುಗಳು ಏನನ್ನುತ್ತವೆ? ಬದುಕಿರುವವರ ವಿಷಯದಲ್ಲಿ ದಾರಿ ಸಲೀಸಾಗುತ್ತಿದೆ. 2023ರಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಮುಖ, ದನಿ, ಹಾವಭಾವಕ್ಕೆ ರಕ್ಷಣೆ ಕೊಟ್ಟಿತು. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಉಪಕರಣಗಳು ಅವರ ಒಪ್ಪಿಗೆ ಇಲ್ಲದೆ ನಕಲು ಮಾಡುವ ಹಾಗಿಲ್ಲ ಅಂದಿತು. 2025ರಲ್ಲಿ ಆಶಾ ಭೋಸ್ಲೆ ಅವರಿಗೂ ಅದೇ ಕೋರ್ಟ್ ಇಂಥದೇ ಆದೇಶ ಕೊಟ್ಟಿತು. ಉಸಿರಿರುವ ತನಕ ದನಿ ನಿಮ್ಮದು, ಅಷ್ಟಂತೂ ಗಟ್ಟಿ.

ಸತ್ತ ಮೇಲೆ? ಜಯಲಲಿತಾ ಅವರ ಬದುಕಿನ ಮೇಲೆ ಚಿತ್ರ ಮಾಡಬಾರದು ಅಂತ ಸೊಸೆ ದೀಪಾ, ಅಂದರೆ ಅಣ್ಣನ ಮಗಳು, ಕೋರ್ಟಿಗೆ ಹೋಗಿದ್ದರು. ಒಬ್ಬರ ಖಾಸಗಿತನ, ಕೀರ್ತಿ ಇವು ಅವರೊಂದಿಗೇ ಮುಗಿಯುತ್ತವೆ, ವಾರಸುದಾರರಿಗೆ ಆಸ್ತಿಯ ಹಾಗೆ ದಾಟುವುದಿಲ್ಲ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಸುಶಾಂತ್ ಸಿಂಗ್ ರಾಜಪೂತ್ ಅವರ ತಂದೆಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಆ ಎರಡೂ ಸಿನಿಮಾ ಕಥೆಗೆ ಸಂಬಂಧಿಸಿದವು, ದನಿಗಲ್ಲ. ಸತ್ತ ವ್ಯಕ್ತಿಯ ಬಗ್ಗೆ ಕಥೆ ಹೇಳುವುದು ಬೇರೆ, ಅವನ ಬಾಯಲ್ಲೇ ಹೊಸ ಮಾತು ಹೇಳಿಸುವುದು ಬೇರೆ ಅಂತ ಒಳ್ಳೆ ವಕೀಲರು ವಾದ ಮಾಡಬಹುದು. ನನಗೂ ಹಾಗೇ ಅನ್ನಿಸುತ್ತದೆ. ಜೀವನಚರಿತ್ರೆ ಬರೆಯಲು ಮಕ್ಕಳ ಅಪ್ಪಣೆ ಬೇಕು ಅಂದರೆ ಈ ದೇಶದಲ್ಲಿ ಒಂದು ನೆಟ್ಟಗಿನ ಪುಸ್ತಕವೂ ಬರಲಿಕ್ಕಿಲ್ಲ. ಆದರೆ ಎಸ್‌ಪಿಬಿ ಹೇಗೆ ಹಾಡುತ್ತಿದ್ದರು ಅಂತ ನಾನು ಬರೆಯುವುದಕ್ಕೂ, ಅವರ ದನಿಯಲ್ಲಿ ಒಂದು ಗುಟ್ಕಾ ಜಾಹೀರಾತು ಹಾಡಿಸುವುದಕ್ಕೂ ಅಜಗಜಾಂತರ. ಅಮೆರಿಕದ ಟೆನೆಸಿ ರಾಜ್ಯ 2024ರಲ್ಲಿ ದನಿಯನ್ನು ಹೆಸರು, ಮುಖಗಳ ಸಾಲಿಗೆ ಸೇರಿಸಿ ಕಾನೂನು ಮಾಡಿದೆ. ಸತ್ತ ಮೇಲೂ ಆ ಹಕ್ಕು ವಾರಸುದಾರರಿಗೆ ಹೋಗುತ್ತದೆ. ಗಾಯಕ ಎಲ್ವಿಸ್ ಪ್ರೆಸ್ಲಿ ಊರು ಅದು, ತೀರಿಹೋದ ಗಾಯಕರ ಹಕ್ಕು ಕಾಯುವ ಅಭ್ಯಾಸ ಅವರಿಗೆ ಇದೆ.

ಕನ್ನಡದಲ್ಲಿ ನಮಗೆ ಇದು ಪೂರ್ತಿ ಹೊಸದೇನಲ್ಲ. 2016ರ ‘ನಾಗರಹಾವು’ ಚಿತ್ರದಲ್ಲಿ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ತಂದಿದ್ದರು. 2022ರ ಮಾರ್ಚ್‌ನಲ್ಲಿ ಪುನೀತ್ ಅವರ ‘ಜೇಮ್ಸ್’ ಬಂದಾಗ ಡಬ್ಬಿಂಗ್ ಮುಗಿದಿರಲಿಲ್ಲ. ಅಣ್ಣ ಶಿವಣ್ಣ ತಮ್ಮನಿಗೆ ದನಿ ಕೊಟ್ಟರು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯನ್ನೇ ತಂದು ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದರು. ನಾನು ಎರಡೂ ಸಲ ನೋಡಿದೆ. ಎರಡನೇ ಸಲ ಅಪ್ಪು ದನಿ ಬಂದಾಗ ಥಿಯೇಟರಿನಲ್ಲಿ ಶಿಳ್ಳೆ ಹೊಡೆಯುತ್ತಿದ್ದವರು ಒಂದು ಗಳಿಗೆ ಸುಮ್ಮನಾದರು. ಅಲ್ಲಿ ಯಾರಿಗೂ ತಕರಾರು ಬರಲಿಲ್ಲ, ಯಾಕೆಂದರೆ ಅದು ಅಪ್ಪು ತಾನೇ ನಟಿಸಿದ ಪಾತ್ರ, ಅವರೇ ಆಡಿದ ಮಾತು, ಮನೆಯವರೂ ಜೊತೆಗಿದ್ದರು.

ದನಿಯ ವಾರಸು ರಕ್ತಕ್ಕೇ ಹೋಗಬೇಕು ಅಂತಲೂ ಇಲ್ಲ. ತೆಲುಗಿನಲ್ಲಿ ಎಸ್‌ಪಿಬಿ ದಶಕಗಳ ಕಾಲ ನಡೆಸಿಕೊಟ್ಟ ‘ಪಾಡುತಾ ತೀಯಗಾ’ ಕಾರ್ಯಕ್ರಮವನ್ನು ಅವರ ನಂತರ ಚರಣ್ ನಡೆಸತೊಡಗಿದರು. ಅದರ ಕನ್ನಡ ಅಕ್ಕತಂಗಿ ‘ಎದೆ ತುಂಬಿ ಹಾಡುವೆನು’ 2021ರಲ್ಲಿ ಮತ್ತೆ ಶುರುವಾದಾಗ ಆ ಕುರ್ಚಿಗಳಲ್ಲಿ ಕೂತವರು ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್. ಎಸ್‌ಪಿಬಿ ಅವರನ್ನು ಕೇಳಿಕೊಂಡೇ ಬೆಳೆದ ರಾಜೇಶ್ ಕೃಷ್ಣನ್ ಅಲ್ಲಿ ಕೂತದ್ದು ಕನ್ನಡದ ಮಟ್ಟಿಗೆ ನ್ಯಾಯವಾಗಿಯೇ ಇತ್ತು. ಮುಂದಿನ ಜನ್ಮ ಇದ್ದರೆ ಕರ್ನಾಟಕದಲ್ಲೇ ಹುಟ್ಟಬೇಕು ಅಂತ ಎಸ್‌ಪಿಬಿ ಎಷ್ಟೋ ವೇದಿಕೆಯಲ್ಲಿ ಹೇಳಿದ್ದರು, ನಾವು ಅವರನ್ನು ನಮ್ಮವರು ಅಂತಲೇ ಅಂದುಕೊಂಡಿದ್ದೇವೆ. ಆ ಕಾರ್ಯಕ್ರಮ ನೋಡಿದವರಿಗೆ ಒಂದು ನೆನಪಿರಬೇಕು. ಯಾವ ಮಗು ಹಾಡಲು ಬಂದರೂ ಸಾಹಿತ್ಯ ಯಾರದು, ಸಂಗೀತ ಯಾರದು, ಮೊದಲು ಹಾಡಿದವರು ಯಾರು ಅನ್ನುವ ಮಾತು ಬರಲೇಬೇಕು. ಗೊತ್ತಿಲ್ಲದಿದ್ದರೆ ಬಾಲು ಸರ್ ತಾವೇ ಹೇಳಿಕೊಡುತ್ತಿದ್ದರು.

ಚರಣ್ ವಾದದಲ್ಲಿ ನನಗೊಂದು ಅನುಮಾನ ಇದೆ, ಅದನ್ನೂ ಹೇಳಬೇಕು. ಕುಟುಂಬವನ್ನು ಕೇಳಿ, ದುಡ್ಡು ಕೊಟ್ಟು ಮಾಡಿದರೆ ಎಲ್ಲ ಸರಿಹೋಯಿತಾ? ಎಸ್‌ಪಿಬಿ ಬದುಕಿದ್ದಾಗ ಕೆಲವು ಹಾಡು ಹಾಡುತ್ತಿದ್ದರು, ಕೆಲವು ಹಾಡುತ್ತಿರಲಿಲ್ಲ. ಗಂಟಲು ಸರಿಯಿಲ್ಲದ ದಿನ ವಾಪಸು ಹೋಗುತ್ತಿದ್ದರು. ಆ "ಇಲ್ಲ" ಅನ್ನುವುದೂ ಅವರ ದನಿಯ ಭಾಗವೇ. ಮಗ ಅದನ್ನು ಊಹಿಸಬಹುದು, ಅಷ್ಟೇ. ಮುಂದೆ ಮೊಮ್ಮಕ್ಕಳು, ಅವರ ಮಕ್ಕಳು ಊಹಿಸಬೇಕಾಗುತ್ತದೆ. ಎಲ್ಲ ಮಕ್ಕಳೂ ಚರಣ್ ಥರ ಇರುವುದಿಲ್ಲ. ಅಪ್ಪನ ಹಾಡಿನ ಕ್ಯಾಸೆಟ್ಟನ್ನೂ ಇಟ್ಟುಕೊಳ್ಳದ ಮಕ್ಕಳನ್ನು ನಾನೇ ನೋಡಿದ್ದೇನೆ. ಹಾಗಾಗಿ ಕಾನೂನು ಬರುವುದಾದರೆ ಬರಿ ವಾರಸುದಾರರ ಸಹಿಗೆ ನಿಲ್ಲಬಾರದು. ಬದುಕಿದ್ದಾಗಲೇ ಗಾಯಕರು ಬರೆದಿಡುವ ಹಾಗಿರಬೇಕು: ನನ್ನ ದನಿಯನ್ನು ಇದಕ್ಕೆ ಬಳಸಬಹುದು, ಇದಕ್ಕೆ ಬಳಸಬಾರದು ಅಂತ. ವಿಲ್ ಬರೆಯುವಾಗ ಸೈಟು, ಚಿನ್ನ, ಬ್ಯಾಂಕಿನ ಠೇವಣಿ ಜೊತೆ ಇದೂ ಒಂದು ಸಾಲು. ಟ್ರ್ಯಾಕ್ ಹಾಡಿದವನ ಹೆಸರು ಹಾಡಿನ ಕೆಳಗೆ ಬರಲೇಬೇಕು ಅನ್ನುವುದು ಇನ್ನೊಂದು ಸಾಲಾಗಲಿ.

ಅಷ್ಟರಲ್ಲಿ ಗಡಿಯಾರ ಓಡುತ್ತಿದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಕಾಪಿರೈಟ್, ಅದು ಹೊರಬಂದ ಮರುವರ್ಷದಿಂದ 60 ವರ್ಷ. ಎಸ್‌ಪಿಬಿ ಕನ್ನಡದಲ್ಲಿ ಮೊದಲು ಹಾಡಿದ ಚಿತ್ರ ‘ನಕ್ಕರೆ ಅದೇ ಸ್ವರ್ಗ’ ತೆರೆಗೆ ಬಂದದ್ದು 1967ರಲ್ಲಿ. ಎಂ. ರಂಗರಾವ್ ಸಂಗೀತ, ಜೊತೆಗೆ ಪಿ. ಸುಶೀಲ. ರೆಕಾರ್ಡ್ ಕೂಡ ಅದೇ ವರ್ಷ ಹೊರಬಂದಿದ್ದರೆ ಅದರ ಮೇಲಿನ ಹಕ್ಕು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ರಾಗ, ಸಾಹಿತ್ಯದ ಲೆಕ್ಕ ಬೇರೆ, ಅವು ಬರೆದವರ ಕಾಲಾನಂತರ 60 ವರ್ಷ ಉಳಿಯುತ್ತವೆ. ಆದರೆ 2028ರ ಜನವರಿ 1ರಂದು ಆ ಮುದ್ರಣದೊಳಗೆ ಇರುವ ಇಪ್ಪತ್ತರ ಆಸುಪಾಸಿನ ಹುಡುಗನ ದನಿಯನ್ನು ಯಂತ್ರಕ್ಕೆ ಉಣಿಸಲು ಕಂಪನಿಯ ಅಪ್ಪಣೆಯೂ ಬೇಕಾಗುವುದಿಲ್ಲ. ಆಮೇಲೆ ವರ್ಷಕ್ಕೊಂದಿಷ್ಟು ಹಾಡು ಹಾಗೇ ಬಿಡುಗಡೆ ಆಗುತ್ತಾ ಹೋಗುತ್ತವೆ.

ಈ ಲೆಕ್ಕವನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹಾಡಿದ್ಯಾ ನಿನ್ನ ಹತ್ರ? ಅಸಲಿದು? ಇದ್ರೆ ಕಳಿಸು" ಅಂದರು. ಹುಡುಕಿ ಕಳಿಸಿದೆ. ವಾಟ್ಸಾಪ್‌ನಲ್ಲಿ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಕೇಳುತ್ತಾ ಕೂತಿದ್ದರು ಅಂತ ಅತ್ತೆ ಆಮೇಲೆ ಹೇಳಿದರು.